ಸನ್ನತಿ ಸ್ತೂಪ ನೋಡಲು ಹೊರಟಿದ್ದೇವೆ, ಹೋಗಿ ಬಂದವರು ಹೇಳ್ತೀರಾ?

ಕೇಳಿದವರು, ಮೈಸೂರಿನಿಂದ:

ಜನವರಿ ಮೊದಲ ವಾರ ಕಲಬುರಗಿಯಲ್ಲಿರುವ ತಂಗಿ ಮನೆಗೆ ಹೋಗುತ್ತಿದ್ದೇವೆ. ಒಂದು ದಿನ ಬಿಡುವಿದೆ. ಮಗ ಏಳನೇ ಕ್ಲಾಸ್. ಅಶೋಕನ ಪಾಠ ಓದಿದಾಗಿನಿಂದ ಸನ್ನತಿಗೆ ಕರೆದುಕೊಂಡು ಹೋಗಿ ಅಂತ ದುಂಬಾಲು ಬಿದ್ದಿದ್ದಾನೆ. ಅಮ್ಮನೂ ಜೊತೆಗಿರುತ್ತಾರೆ, ಅವರಿಗೆ ಮಂಡಿನೋವು. ಪರಿಚಯದವರೊಬ್ಬರು "ಅಲ್ಲೇನಿದೆ, ಬರೀ ಒಡೆದ ಕಲ್ಲು, ಅರ್ಧ ಗಂಟೆ ಸಾಕು" ಎಂದರು. ನಿಜವಾ? ಹೇಗೆ ಹೋಗುವುದು, ಏನನ್ನು ತಪ್ಪದೆ ನೋಡಬೇಕು, ದಯವಿಟ್ಟು ತಿಳಿಸಿ.

ಕಲಬುರಗಿಯಿಂದ:

ಅಕ್ಕಾ, ಅರ್ಧ ಗಂಟೆ ಸಾಕು ಎಂದವರು ನಡುಮಧ್ಯಾಹ್ನ ಹೋಗಿರಬೇಕು. ನಮಗೂ ಮೊದಲ ಸಲ ಹಾಗೇ ಆಗಿತ್ತು. ಮೇ ತಿಂಗಳು, ಹನ್ನೆರಡರ ಬಿಸಿಲು. ಕಲ್ಲಿನ ಹತ್ತಿರ ನಿಲ್ಲೋಕೇ ಆಗಲಿಲ್ಲ. ಕೆತ್ತನೆಯೆಲ್ಲ ಚಪ್ಪಟೆಯಾಗಿ ಕಂಡಿತು. ಬೇಜಾರಾಗಿ ವಾಪಸ್ ಬಂದೆವು.

ಎರಡನೇ ಸಲ ಡಿಸೆಂಬರ್‌ನಲ್ಲಿ, ಬೆಳಿಗ್ಗೆ ಹೋದೆವು. ಓರೆ ಬಿಸಿಲು ಬೀಳುತ್ತಿತ್ತು. ಅದೇ ಕಲ್ಲುಗಳಲ್ಲಿ ಆನೆಯ ಸೊಂಡಿಲಿನ ಸುಕ್ಕು, ಹೆಂಗಸರ ಕೈಬಳೆ ಎಲ್ಲ ಎದ್ದು ಕಂಡವು. ಹಾಗಾಗಿ ಬೇಗ ಹೊರಡಿ. ನಿಮ್ಮ ಜನವರಿ ಒಳ್ಳೇ ಸಮಯ. ಮಳೆಗಾಲದಲ್ಲಿ ಮಾತ್ರ ಹೋಗಬೇಡಿ, ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಂಡರೆ ಹೆಜ್ಜೆ ಎತ್ತಿಡೋದೇ ಕಷ್ಟ.

ಕಲಬುರಗಿಯಿಂದ ಸುಮಾರು 60 ಕಿಲೋಮೀಟರ್. ಕಾರು ಮಾಡಿಕೊಂಡು ಬರುವುದು ಒಳ್ಳೆಯದು. ರೈಲಿನಲ್ಲಿ ಬರುವವರು ವಾಡಿ–ರಾಯಚೂರು ಮಾರ್ಗದ ನಾಲವಾರದಲ್ಲಿ ಇಳಿಯುತ್ತಾರೆ, ಅಲ್ಲಿಂದ ಇನ್ನೂ 20 ಕಿಲೋಮೀಟರ್ ಆಸುಪಾಸು ಇದೆ. ಏನೇ ಮಾಡಿ, ಹೋಗಿ ಬರೋಕೆ ಒಂದೇ ಗಾಡಿ ಇರಲಿ. ನಾವೊಮ್ಮೆ ಆಟೊದಲ್ಲಿ ಇಳಿದು, ವಾಪಸ್ ಬರಲು ಏನೂ ಸಿಗದೆ ಎರಡು ತಾಸು ರಸ್ತೆ ಬದಿ ಕೂತಿದ್ದೆವು. ನೀರು, ಬುತ್ತಿ ಕಟ್ಟಿಕೊಂಡೇ ಬನ್ನಿ. ರೊಟ್ಟಿ, ಶೇಂಗಾ ಚಟ್ನಿ ಇದ್ದರೆ ಸಾಕು.

ಯಾದಗಿರಿ ಕಡೆಯಿಂದ, ಸಮಾಜ ಪಾಠ ಮಾಡುವ ಮೇಷ್ಟ್ರು:

ಮೊದಲು ಒಂದು ವಿಷಯ. ಸನ್ನತಿ ಅಂದರೆ ಎರಡು ಜಾಗ ಎಂದು ತಿಳಿದುಕೊಳ್ಳಿ. ಭೀಮಾ ನದಿ ದಂಡೆಯ ಸನ್ನತಿ ಊರಿನಲ್ಲಿ ಚಂದ್ರಲಾ ಪರಮೇಶ್ವರಿ ಗುಡಿ. ಸ್ತೂಪ ಇರುವುದು ಅಲ್ಲಿಂದ ಎರಡು ಮೂರು ಕಿಲೋಮೀಟರ್ ಆಚೆ, ಕನಗನಹಳ್ಳಿ ಹತ್ತಿರ. ಎಷ್ಟೋ ಜನ ಒಂದನ್ನು ನೋಡಿ ಇನ್ನೊಂದನ್ನು ಬಿಟ್ಟು ಹೋಗುತ್ತಾರೆ. ಎರಡೂ ನೋಡಿದರೇ ಕಥೆ ಪೂರ್ತಿಯಾಗೋದು.

ಕಥೆ ಏನು ಅಂತೀರಾ? 1986ರಲ್ಲಿ ಇದೇ ಚಂದ್ರಲಾ ಪರಮೇಶ್ವರಿ, ಅಂದರೆ ಚಂದ್ರಲಾಂಬೆ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಚಾವಣಿ ಕುಸಿಯಿತು. ಮೂರ್ತಿ ಒಡೆಯಿತು. ಅವಶೇಷ ತೆಗೆಯುವಾಗ ನೋಡಿದರೆ ಮೂರ್ತಿಯ ಕೆಳಗಿನ ಪೀಠದ ಕಲ್ಲಿನ ತುಂಬ ಬ್ರಾಹ್ಮಿ ಅಕ್ಷರ. ಅದು ಅಶೋಕನ ಶಾಸನ! ಎರಡೂ ಮಗ್ಗುಲಲ್ಲಿ ಬರೆದಿದೆ. ಮೂರ್ತಿ ಕೂರಿಸಲು ಯಾರೋ ನಡುವೆ ಚೌಕಾಕಾರದ ರಂಧ್ರ ಕೊರೆದಿದ್ದರಿಂದ ಅಲ್ಲಿನ ಸಾಲುಗಳು ಹೋಗಿಬಿಟ್ಟಿವೆ. ಉಳಿದದ್ದರಲ್ಲಿ ಒಂದು ಕಡೆ ಅಶೋಕನ ಹದಿನಾಲ್ಕು ಶಿಲಾಶಾಸನಗಳ ಪೈಕಿ ಹನ್ನೆರಡನೆಯದು ಮತ್ತು ಹದಿನಾಲ್ಕನೆಯದು, ಇನ್ನೊಂದು ಕಡೆ ಆ ಪಟ್ಟಿಗೆ ಸೇರದ, 'ಪ್ರತ್ಯೇಕ ಶಾಸನ' ಎಂದು ಕರೆಯುವ ಎರಡು. ಈ ಪ್ರತ್ಯೇಕ ಶಾಸನಗಳು ಅಲ್ಲಿಯವರೆಗೆ ಒಡಿಶಾದ ಧೌಲಿ, ಜೌಗಡಗಳಲ್ಲಿ ಮಾತ್ರ ಸಿಕ್ಕಿದ್ದವು.

ಹನ್ನೆರಡನೇ ಶಾಸನದಲ್ಲಿ ಏನಿದೆ ಎಂದು ಮಗನಿಗೆ ಮೊದಲೇ ಹೇಳಿರಿ. ತನ್ನ ಮತವನ್ನು ಸುಮ್ಮನೆ ಹೊಗಳಿಕೊಂಡು ಇನ್ನೊಬ್ಬರ ಮತವನ್ನು ಹಳಿಯಬೇಡಿ, ಎಲ್ಲರ ಮಾತನ್ನೂ ಕೇಳಿ ಎನ್ನುತ್ತದೆ ಅದು. ಆ ಮಾತು ಹೊತ್ತ ಕಲ್ಲು ಎಷ್ಟೋ ಕಾಲ ಕಾಳಿಯಮ್ಮನನ್ನು ಹೊತ್ತು ಕೂತಿತ್ತು. ಪ್ರತಿ ಸಲ ಮಕ್ಕಳಿಗೆ ಇದನ್ನು ಹೇಳುವಾಗ ನನಗೆ ಗಂಟಲು ತುಂಬಿ ಬರುತ್ತದೆ.

ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆಯವರು ಅಗೆಯಲು ಶುರು ಮಾಡಿದ್ದು 1990ರ ದಶಕದಲ್ಲಿ. ಸಿಕ್ಕಿದ್ದು ದೊಡ್ಡ ಸ್ತೂಪ. ಅಲ್ಲಿನ ಬರಹಗಳಲ್ಲೇ ಅದಕ್ಕೆ ಮಹಾಚೈತ್ಯ ಎಂಬ ಹೆಸರಿದೆ. ಸಾಂಚಿಯಂತೆ ಎದ್ದು ನಿಂತ ಗುಮ್ಮಟವನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೋಗಬೇಡಿ. ಸ್ತೂಪ ಕುಸಿದು, ಹೊದಿಸಿದ್ದ ಸುಣ್ಣಕಲ್ಲಿನ ಹಾಸುಗಳು ಬಿದ್ದಿದ್ದವು. 2022ರಲ್ಲಿ ಇಲಾಖೆ ಮತ್ತೆ ಜೋಡಿಸುವ ಕೆಲಸಕ್ಕೆ ಕೈಹಾಕಿತು. ಹಾಗಾಗಿ ಹೋದ ದಿನ ಎಲ್ಲಿಗೆ ಬಿಡುತ್ತಾರೆ, ಫೋಟೊ ತೆಗೆಯಬಹುದಾ ಎಂದು ಕಾವಲಿನವರನ್ನು ಮೊದಲೇ ಕೇಳಿಕೊಳ್ಳಿ.

ಸ್ತೂಪದಲ್ಲಿ ತಪ್ಪದೆ ನೋಡಬೇಕಾದದ್ದು ಅಶೋಕನ ರೂಪ ಕೆತ್ತಿದ ಕಲ್ಲು. ರಾಜ, ಪಕ್ಕದಲ್ಲಿ ರಾಣಿ, ಸುತ್ತ ಛತ್ರಿ ಚಾಮರ ಹಿಡಿದ ಹೆಂಗಸರು. ಅದೇ ಕಲ್ಲಿನ ಮೇಲೆ ಬ್ರಾಹ್ಮಿಯಲ್ಲಿ 'ರಾಯಾ ಅಸೋಕೋ' ಎಂದು ಹೆಸರು. ಇದು ಅಶೋಕನನ್ನು ಎದುರಿಗೆ ಕೂರಿಸಿಕೊಂಡು ಕೆತ್ತಿದ್ದು ಎಂದು ಕೆಲವರು ಹೇಳುತ್ತಾರೆ, ಹಾಗಲ್ಲ. ಅವನು ತೀರಿ ಎಷ್ಟೋ ತಲೆಮಾರು ಆದಮೇಲೆ ಸಾತವಾಹನರ ಕಾಲದಲ್ಲಿ ಕೆತ್ತಿದ್ದು. ಅಷ್ಟು ವರ್ಷವಾದರೂ ಭೀಮೆಯ ದಂಡೆಯ ಜನ ಅವನನ್ನು ಮರೆತಿರಲಿಲ್ಲ ಅಲ್ವಾ, ಅದೇ ದೊಡ್ಡದು. ಸಿಮುಕ, ಪುಳುಮಾವಿಯಂಥ ಸಾತವಾಹನ ರಾಜರೂ ಹೆಸರಿನ ಸಮೇತ ಅಲ್ಲಿದ್ದಾರೆ.

ಬೆಂಗಳೂರಿನಿಂದ:

ನನ್ನ ಮಗಳಿಗೆ ಹತ್ತು ವರ್ಷವಿದ್ದಾಗ ಹೋಗಿದ್ದೆವು. ಮಕ್ಕಳು ಬೇಗ ಬೇಸರಪಡುತ್ತಾರೆ, ಅದಕ್ಕೆ ಒಂದು ಉಪಾಯ. ಹೋಗುವ ಮುಂಚೆ ಬ್ರಾಹ್ಮಿಯಲ್ಲಿ 'ದಾನಂ' ಬರೆಯುವುದನ್ನು ಕಲಿಸಿಬಿಡಿ. 'ನ' ಅಕ್ಷರ ಸುಲಭ, ಇಂಗ್ಲಿಷಿನ 'ಟಿ'ಯನ್ನು ತಲೆಕೆಳಗು ಮಾಡಿದ ಹಾಗೆ. ಅದರ ಮುಂದೆ ಒಂದು ಚುಕ್ಕಿ ಇದ್ದರೆ 'ನಂ'. ಸ್ತೂಪಕ್ಕೆ ಕಲ್ಲು ಕೊಟ್ಟವರು, ಭಿಕ್ಷುಗಳು, ಭಿಕ್ಷುಣಿಯರು, ಮನೆಮಠ ಇದ್ದವರು, ಇಂಥವರ ದಾನ ಎಂದು ಚಿಕ್ಕದಾಗಿ ಬರೆಸಿದ್ದಾರೆ. ಇಂಗ್ಲಿಷ್ ವಿದ್ವಾಂಸ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿಯ ಗುಟ್ಟು ಬಿಡಿಸಿದ್ದೂ ಸಾಂಚಿಯಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಇದೇ ಪದದಿಂದ.

ನನ್ನ ಮಗಳು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮುಟ್ಟದೆ, ಗಾಳಿಯಲ್ಲೇ ಬೆರಳಾಡಿಸುತ್ತಾ ಹುಡುಕಿದಳು. ಐದು ನಿಮಿಷ ಬಿಟ್ಟು "ಅಪ್ಪಾ, ನಂ ಸಿಕ್ತು!" ಎಂದು ಕೂಗಿದಳು. ಆಮೇಲೆ ಅವಳನ್ನು ಅಲ್ಲಿಂದ ಎಬ್ಬಿಸೋದೇ ಕಷ್ಟವಾಯಿತು. ನಾವು ಬರೆಯುವ ಕನ್ನಡ ಅಕ್ಷರದ ಬೇರೂ ಬ್ರಾಹ್ಮಿಯೇ ಎಂದು ಹೇಳಿದ್ದು ಅಂದೇ ಅವಳಿಗೆ ಹೊಕ್ಕಿದ್ದು.

ಶಹಾಬಾದ್‌ನಿಂದ:

ನಮ್ಮ ಮನೆಯವರು ಬಾಬಾಸಾಹೇಬರ ದಾರಿ ಹಿಡಿದು ಬೌದ್ಧರಾದವರು. ನಮಗೆ ಕನಗನಹಳ್ಳಿ ಪ್ರವಾಸದ ಜಾಗ ಅಲ್ಲ, ಕೈಮುಗಿಯುವ ಜಾಗ. ನನ್ನ ಅವ್ವ ಅಲ್ಲಿ ಮೊದಲ ಸಲ ಬುದ್ಧನ ಪಾದದ ಕಲ್ಲು ನೋಡಿದಾಗ ಸೆರಗು ಹೊದ್ದು ಸುಮ್ಮನೆ ನಿಂತುಬಿಟ್ಟರು. ಬಹಳ ಹೊತ್ತು ಮಾತೇ ಆಡಲಿಲ್ಲ.

ಅದಕ್ಕೇ ಒಂದು ಕೇಳಿಕೆ. ಕಲ್ಲಿನ ಮೇಲೆ ಕೂತು, ಕಾಲಿಟ್ಟು ಸೆಲ್ಫಿ ತೆಗೆಯುವವರನ್ನು ನೋಡಿದ್ದೇನೆ. ಮನಸ್ಸಿಗೆ ತುಂಬ ನೋವಾಗುತ್ತದೆ. ಖಾಲಿ ಆಸನ, ಚಕ್ರ, ಬೋಧಿವೃಕ್ಷ, ಪಾದ ಕಂಡರೆ ಅದು ಬುದ್ಧನೇ ಎಂದು ಮಗನಿಗೆ ಹೇಳಿ. ಹಳೆಯ ಶಿಲ್ಪಿಗಳು ಬುದ್ಧನ ರೂಪ ಕೆತ್ತದೆ ಈ ಗುರುತುಗಳಲ್ಲೇ ತೋರಿಸುತ್ತಿದ್ದರು. ಮೂರ್ತಿಗಳು ಆಮೇಲೆ ಬಂದವು, ಅವೂ ಅಲ್ಲಿ ಸಿಕ್ಕಿವೆ.

ಮತ್ತೆ ಕಲಬುರಗಿಯಿಂದ:

ಅಮ್ಮನ ಮಂಡಿನೋವಿನ ಬಗ್ಗೆ ಹೇಳಲು ಮರೆತೆ. ಸ್ತೂಪ ಬಯಲಲ್ಲಿದೆ, ಬೆಟ್ಟ ಹತ್ತೋದೇನಿಲ್ಲ. ಆದರೆ ಬೇಗ ನೋಡಿ ಮುಗಿಸಲು ಆಗಲ್ಲ, ನಿಂತು ನಿಂತು ನೋಡಬೇಕು. ಮಡಚುವ ಸ್ಟೂಲ್ ಒಂದು, ಕೊಡೆ ಒಂದು ಕಾರಿನಲ್ಲಿರಲಿ. ಅಮ್ಮನಿಗೆ ಚಂದ್ರಲಾಂಬೆ ಗುಡಿ ಖಂಡಿತ ಇಷ್ಟವಾಗುತ್ತದೆ. ದೇವಿ ದುಂಬಿಗಳಿಂದ ದುಷ್ಟ ರಾಜನನ್ನು ಕೊಲ್ಲಿಸಿದ ಕಥೆಯನ್ನು ಅಲ್ಲಿನ ಹಿರಿಯರ ಬಾಯಲ್ಲೇ ಕೇಳಿ. ಸಮಯ ಉಳಿದರೆ ಕಲಬುರಗಿಯ ಸರ್ಕಾರಿ ಮ್ಯೂಸಿಯಂಗೂ ಹೋಗಿ, ಸನ್ನತಿಯ ಕೆಲವು ಶಿಲ್ಪಗಳು ಅಲ್ಲಿವೆ.

ಕೇಳಿದವರು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಅರ್ಧ ದಿನದ ಯೋಚನೆ ಬಿಟ್ಟು ಪೂರ್ತಿ ದಿನ ಇಟ್ಟುಕೊಂಡಿದ್ದೇವೆ. ಬೆಳಿಗ್ಗೆ ಸ್ತೂಪ, ಆಮೇಲೆ ಗುಡಿ. ಮಗ ಆಗಲೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ 'ದಾನಂ' ಬರೆಯುತ್ತಾ ಕೂತಿದ್ದಾನೆ. 'ದ' ಇನ್ನೂ ಸರಿ ಬರುತ್ತಿಲ್ಲವಂತೆ. ಹೋಗಿ ಬಂದು ಇಲ್ಲೇ ಬರೆಯುತ್ತೇನೆ.