ಸ್ಪೋರ್ಟ್ಸ್ ಮೆಡಿಸಿನ್ ಯಾಕೆ ಅಂತ ಕೇಳಿದರೆ ಏನು ಬರೆಯಲಿ? ಅನುಭವ ಇದ್ದವರು ಹೇಳಿ

ರೈಟ್‌ಕಾರ್ನರ್ (ಪ್ರಶ್ನೆ ಕೇಳಿದವರು):
ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಬಿಪಿಟಿ (ಫಿಸಿಯೋಥೆರಪಿ ಪದವಿ) ಕೊನೇ ವರ್ಷದಲ್ಲಿದ್ದೇನೆ. ಕಬಡ್ಡಿ ಆಡುತ್ತಿದ್ದೆ. ಪಿಯುಸಿಯಲ್ಲಿ ಮಂಡಿಯ ಎಸಿಎಲ್ ಲಿಗಮೆಂಟ್ ಹರಿದು ಆಪರೇಷನ್ ಆಯಿತು, ಆಟ ಅಲ್ಲಿಗೇ ನಿಂತಿತು. ಮುಂದೆ ಇಲ್ಲೇ ಎಂಪಿಟಿ (ಫಿಸಿಯೋಥೆರಪಿಯ ಪಿಜಿ) ಸ್ಪೋರ್ಟ್ಸ್ ಮಾಡಲೋ, ಸಾಲ ಮಾಡಿ ಇಂಗ್ಲೆಂಡಿಗೆ ಎಂಎಸ್ಸಿಗೆ ಹೋಗಲೋ ಗೊತ್ತಾಗುತ್ತಿಲ್ಲ. ಎರಡೂ ಕಡೆ 'ಇದೇ ವಿಷಯ ಯಾಕೆ' ಅಂತ ಒಂದು ಪುಟ ಬರೆದುಕೊಡಬೇಕು. ನನ್ನ ಮಂಡಿ ಕಥೆ ಬರೆದೆ. ನಮ್ಮ ಮೇಡಂ ಓದಿ, 'ಇದು ಪೇಷಂಟ್ ಬರೆದ ಹಾಗಿದೆ, ಥೆರಪಿಸ್ಟ್ ಬರೆದ ಹಾಗಿಲ್ಲ' ಅಂದರು. ನೀವೆಲ್ಲ ಯಾಕೆ ಈ ಕಡೆ ಬಂದಿರಿ? ಬಂದ ಮೇಲೆ ಏನಾಯಿತು? ಮನೆಯಲ್ಲಿ ಹದಿನೈದು ಲಕ್ಷದ ಮೇಲೆ ಸಾಲ ಬೇಡ ಅಂದಿದ್ದಾರೆ.

ಟೇಪ್‌ರೋಲ್:
ಎಂಪಿಟಿ ಸ್ಪೋರ್ಟ್ಸ್ ಮುಗಿಸಿ ಈಗ ಒಂದು ಕಬಡ್ಡಿ ತಂಡದ ಜೊತೆ ಇದ್ದೇನೆ. 2002ರಲ್ಲಿ ಆಂಟಿಗಾದಲ್ಲಿ ಕುಂಬ್ಳೆ ಮುರಿದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು ಲಾರಾ ವಿಕೆಟ್ ತೆಗೆದರಲ್ಲ, ಊರವರೆಲ್ಲ ಕುಂಬ್ಳೆಯನ್ನು ನೋಡುತ್ತಿದ್ದರು. ನನಗೆ ಮಾತ್ರ ಆ ಬ್ಯಾಂಡೇಜ್ ಕಟ್ಟಿದ್ದು ಯಾರು, ಆಡು ಅಂತ ಬಿಟ್ಟಿದ್ದು ಯಾರು ಅನ್ನೋದೇ ತಲೆಯಲ್ಲಿ. ಅದನ್ನೇ ಇಂಟರ್‌ವ್ಯೂನಲ್ಲಿ ಹೇಳಿದೆ, ಸೀಟ್ ಸಿಕ್ಕಿತು.

ಈಗ ದುಡ್ಡಿನ ವಿಷಯ. ಎಂಪಿಟಿಗೆ ವರ್ಷಕ್ಕೆ ಎರಡೂವರೆ ಲಕ್ಷ ಫೀಸು, ಹಾಸ್ಟೆಲ್ ಬೇರೆ. ಮುಗಿಸಿ ಬಂದಾಗ ಮೊದಲ ಸಂಬಳ 18,000. ಅದೂ ಆಸ್ಪತ್ರೆಯಲ್ಲಿ ಫ್ರೋಜನ್ ಶೋಲ್ಡರ್ ಅಜ್ಜಿಯರಿಗೆ ಕೈ ಎತ್ತಿಸುವ ಕೆಲಸ. ಸ್ಪೋರ್ಟ್ಸ್ ಅನ್ನೋದು ಬೋರ್ಡಿನಲ್ಲಿ ಮಾತ್ರ. ತಂಡಕ್ಕೆ ಸೇರಿದ ಮೇಲೆ ಸಂಬಳ ಏರಿತು, ಆದರೆ ಸೀಸನ್ ಮುಗಿದರೆ ಅದೂ ಮುಗಿಯಿತು. ಟೇಪಿನ ಬಜೆಟ್ ಬಗ್ಗೆ ಮ್ಯಾನೇಜರ್ ಜೊತೆ ಜಗಳ ಆಡದ ವಾರ ಇಲ್ಲ. 3.8 ಸೆಂಟಿಮೀಟರ್ ರಿಜಿಡ್ ಟೇಪ್, ರೈಡರ್‌ನ ಎರಡೂ ಪಾದಕ್ಕೆ ಸುತ್ತಿದರೆ ಒಂದು ರೋಲ್ ಹತ್ತಿರ ಖಾಲಿ. ಪಾದ ತೊಂಬತ್ತು ಡಿಗ್ರಿಯಲ್ಲಿ ಹಿಡಿ ಅಂದರೆ ಅವನು ಮೊಬೈಲ್ ನೋಡುತ್ತಾ ಕಾಲು ಇಳಿಬಿಡುತ್ತಾನೆ. ಮೊದಲ ಸುತ್ತು (ಆಂಕರ್) ಹಾಕಿ, ಪಾದದಡಿಯ ಪಟ್ಟಿ (ಸ್ಟಿರಪ್) ಎಳೆದು, ಹಿಮ್ಮಡಿ ಹಿಡಿಯುವ ಸುತ್ತು (ಹೀಲ್ ಲಾಕ್) ಮುಗಿಸಿ, ಬೆರಳ ತುದಿ ಒತ್ತಿ ರಕ್ತ ವಾಪಸ್ ಬರುತ್ತಾ ನೋಡುವಷ್ಟರಲ್ಲಿ ಕೋಚ್ ಬಂದು 'ಇನ್ನೂ ಆಗಿಲ್ವಾ' ಅಂತಾರೆ. ಒಮ್ಮೆ ಒಬ್ಬ ಹುಡುಗನ ಮಂಡಿಯಲ್ಲಿ ನೀರು ತುಂಬಿತ್ತು, ಆಡಿಸಬೇಡಿ ಅಂದೆ. 'ನೀನು ಟೇಪ್ ಹಾಕು, ಆಡಿಸೋದು ನಾನು' ಅಂದರು. ಆಡಿಸಿದರು. ಎರಡನೇ ರೈಡ್‌ಗೇ ಹೊತ್ತುಕೊಂಡು ಹೊರಗೆ ತಂದೆವು. ಮರುದಿನ ಮೀಟಿಂಗಿನಲ್ಲಿ ಕೇಳಿದ್ದು ನನ್ನನ್ನು.

ಎಂಡಿ_ಆನ್‌ಡ್ಯೂಟಿ:
ಮೊದಲು ಒಂದು ವಿಷಯ ಸರಿ ಮಾಡಿಕೊಳ್ಳಿ. ಸ್ಪೋರ್ಟ್ಸ್ ಮೆಡಿಸಿನ್ ಅಂದರೆ ಎಂಬಿಬಿಎಸ್ ಆದ ಮೇಲೆ ನೀಟ್ ಪಿಜಿ ಬರೆದು ಮಾಡುವ ಮೂರು ವರ್ಷದ ಎಂಡಿ. ಬಿಪಿಟಿ ಮಾಡಿದವರು ಓದುವುದು ಸ್ಪೋರ್ಟ್ಸ್ ಫಿಸಿಯೋಥೆರಪಿ. ಎರಡೂ ಬೇಕು, ಆದರೆ ಒಂದೇ ಅಲ್ಲ.

ನನ್ನದು ಹೇಳುತ್ತೇನೆ. ನನ್ನ ರ‍್ಯಾಂಕಿಗೆ ರೇಡಿಯಾಲಜಿ ಸಿಗುತ್ತಿತ್ತು. ಬಿಟ್ಟು ಇದನ್ನು ತೆಗೆದುಕೊಂಡೆ. ಇಡೀ ದೇಶದಲ್ಲಿ ಈ ಸೀಟು ಬೆರಳೆಣಿಕೆ. ಮೊದಲೆಲ್ಲ ಪಟಿಯಾಲಕ್ಕೆ ಹೋಗಿ ಡಿಪ್ಲೊಮಾ ಮಾಡಬೇಕಿತ್ತು, 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ ಸ್ಪೋರ್ಟ್ಸ್ ಇಂಜುರಿ ಸೆಂಟರ್ ಆದ ಮೇಲೆ ಈ ವಿಷಯ ಸ್ವಲ್ಪ ಜನರ ಕಿವಿಗೆ ಬಿತ್ತು. ನಮ್ಮ ಮಾವ ಇವತ್ತಿಗೂ ನೆಂಟರಿಗೆ ನನ್ನ ಪರಿಚಯ ಮಾಡಿಸುವುದು 'ಜಿಮ್ ಡಾಕ್ಟರು' ಅಂತ. ಹೆಣ್ಣು ನೋಡಲು ಹೋದ ಒಂದು ಮನೆಯಲ್ಲಿ 'ರೇಡಿಯಾಲಜಿ ಬಿಟ್ಟನಂತೆ, ತಲೆ ಸರಿ ಇದೆಯಾ ವಿಚಾರಿಸಿ' ಅಂದಿದ್ದರಂತೆ. ಕಾಫಿ ಚೆನ್ನಾಗಿತ್ತು.

ಯಾಕೆ ತೆಗೆದುಕೊಂಡೆ? ಮೂಳೆ ಮುರಿತಕ್ಕಲ್ಲ. ಇಂಟರ್ನ್‌ಶಿಪ್‌ನಲ್ಲಿ ಒಬ್ಬ ಓಟಗಾರ ನೆಗಡಿ ಮಾತ್ರೆಯ ಪಟ್ಟಿ ತಂದು 'ಸಾರ್, ಇದು ತಗೋಬಹುದಾ' ಅಂದ. ಯಾರಿಗೂ ಉತ್ತರ ಗೊತ್ತಿರಲಿಲ್ಲ. ಅದರಲ್ಲಿದ್ದ ಸ್ಯೂಡೋಎಫೆಡ್ರಿನ್ ಅಭ್ಯಾಸದ ದಿನ ತೊಂದರೆಯಿಲ್ಲ. ಸ್ಪರ್ಧೆಯ ದಿನ ಮೂತ್ರದಲ್ಲಿ ಮಿಲಿಲೀಟರಿಗೆ 150 ಮೈಕ್ರೋಗ್ರಾಂ ದಾಟಿದರೆ ಡೋಪಿಂಗ್. ಅಸ್ತಮಾದ ಸಾಲ್ಬುಟಮಾಲ್ ಇನ್ಹೇಲರ್‌ಗೂ ಲೆಕ್ಕ ಇದೆ, 24 ಗಂಟೆಗೆ 1600 ಮೈಕ್ರೋಗ್ರಾಂ, ಅದರಲ್ಲೂ 8 ಗಂಟೆಯೊಳಗೆ 600 ಮೀರಬಾರದು. ನಿಷೇಧದ ಪಟ್ಟಿ ಪ್ರತಿ ಜನವರಿ 1ಕ್ಕೆ ಬದಲಾಗುತ್ತದೆ. 2011ರಲ್ಲಿ ನಮ್ಮ ರಿಲೇ ಹುಡುಗಿಯರು ಜಿನ್ಸೆಂಗ್ ಸಪ್ಲಿಮೆಂಟ್ ಅಂತ ನಂಬಿ ತಿಂದು ಸಿಕ್ಕಿಬಿದ್ದದ್ದು ನೆನಪಿದೆಯಲ್ಲ? ಇದು ಟೇಪ್ ಸುತ್ತುವವರ ಕೈಯಲ್ಲಿ ಆಗುವ ಕೆಲಸ ಅಲ್ಲ.

ಟೇಪ್‌ರೋಲ್:
ಟೇಪ್ ಸುತ್ತುವವರು ಅನ್ನುವ ಮಾತು ಬೇಡ ಡಾಕ್ಟ್ರೇ. ನಿಮ್ಮವರು ಮ್ಯಾಚಿಗೆ ಬರೋದು ಮೆಡಲ್ ಸಿಕ್ಕಾಗ ಫೋಟೋಗೆ. ನಾವು ಬಸ್ಸಿನಲ್ಲಿ ಐಸ್ ಬಾಕ್ಸ್ ಮೇಲೆ ಕೂತು ಹೋಗುವವರು. 2025ರ ಸೆಪ್ಟೆಂಬರ್‌ನಲ್ಲಿ ಫಿಸಿಯೋಗಳು ಹೆಸರಿನ ಮುಂದೆ 'ಡಾ.' ಹಾಕಬಾರದು ಅಂತ ದೆಹಲಿಯಿಂದ ಪತ್ರ ಬಂತು, ಮರುದಿನವೇ ತಡೆ ಹಿಡಿದರು. ಆ ಒಂದು ದಿನ ನಿಮ್ಮ ಗ್ರೂಪಿನಲ್ಲಿ ಎಷ್ಟು ಪಟಾಕಿ ಹೊಡೆದರು ಅಂತ ನಮಗೂ ಗೊತ್ತಿದೆ.

ಎಂಡಿ_ಆನ್‌ಡ್ಯೂಟಿ:
ಪಟಾಕಿ ಹೊಡೆದವರಲ್ಲಿ ನಾನಿರಲಿಲ್ಲ. ಆದರೂ ಹೇಳ್ತೀನಿ, ಬೋರ್ಡಿನಲ್ಲಿ 'ಡಾ.' ನೋಡಿ ಜನ ಜ್ವರಕ್ಕೂ ನಿಮ್ಮ ಹತ್ತಿರ ಬರುತ್ತಾರೆ. ಆಗ ಏನು ಮಾಡ್ತೀರಿ?

ಟೇಪ್‌ರೋಲ್:
ನಿಮ್ಮ ಹತ್ತಿರ ಕಳಿಸ್ತೀವಿ. ನೀವು ಸೊಂಟನೋವನ್ನು ನಮ್ಮ ಹತ್ತಿರ ಕಳಿಸಲ್ವಲ್ಲ, ಮಾತ್ರೆ ಬರೆದು ಮನೆಗೆ ಕಳಿಸ್ತೀರಿ.

ಲೋನ್‌ಬಾಕಿ:
ಇಬ್ಬರೂ ಸ್ವಲ್ಪ ನಿಲ್ಲಿಸಿ, ಆ ಹುಡುಗಿ ಇಂಗ್ಲೆಂಡ್ ಬಗ್ಗೆ ಕೇಳಿದ್ದಾಳೆ. ನಾನು 2024ರ ಸೆಪ್ಟೆಂಬರ್ ಬ್ಯಾಚಿನಲ್ಲಿ ಹೋಗಿ ಬಂದವನು. ಲೆಕ್ಕ ಬರೆಯುತ್ತೇನೆ, ಆಗ ಪೌಂಡಿಗೆ 107 ರೂಪಾಯಿ, ಈಗ ಇನ್ನೂ ಏರಿದೆ. ಫೀಸು 24,500 ಪೌಂಡ್, ಅಂದರೆ 26 ಲಕ್ಷದ ಮೇಲೆ. ವೀಸಾ 490 ಪೌಂಡ್. ಒಂದು ವರ್ಷದ ಕೋರ್ಸಿಗೆ ಆರೋಗ್ಯದ ಸರ್‌ಚಾರ್ಜ್ ಒಂದೂವರೆ ವರ್ಷದ್ದು ಕಟ್ಟಿಸಿಕೊಳ್ಳುತ್ತಾರೆ, 1,164 ಪೌಂಡ್. ಟಿಬಿ ಪರೀಕ್ಷೆಯ ಖರ್ಚು ಬೇರೆ. ರೂಮಿಗೆ ತಿಂಗಳಿಗೆ 560. ಊಟ, ಬಸ್ಸು, ಜಾಕೆಟ್ ಎಲ್ಲ ಸೇರಿ 39 ಲಕ್ಷಕ್ಕೆ ಬಂದು ನಿಂತಿತು.

ಇದಕ್ಕಿಂತ ಜೀವ ತಿಂದದ್ದು ವೀಸಾಕ್ಕೆ ತೋರಿಸುವ ಬ್ಯಾಂಕ್ ಬ್ಯಾಲೆನ್ಸ್. ಲಂಡನ್ ಬಿಟ್ಟು ಬೇರೆ ಊರಾದರೆ ಆಗ ತಿಂಗಳಿಗೆ 1,023ರಂತೆ ಒಂಬತ್ತು ತಿಂಗಳದ್ದು ತೋರಿಸಬೇಕಿತ್ತು, 9,207 ಪೌಂಡ್. ಅಷ್ಟು ದುಡ್ಡು 28 ದಿನ ಅಲುಗಾಡದೆ ಖಾತೆಯಲ್ಲಿ ಕೂತಿರಬೇಕು. ನಮ್ಮ ಅಪ್ಪ ಮಧ್ಯದಲ್ಲಿ ಅಡಿಕೆ ಕೊಯ್ಲಿನ ಕೂಲಿ ಕೊಡೋಕೆ ಅಂತ ನಲವತ್ತು ಸಾವಿರ ತೆಗೆದರು. ಮತ್ತೆ ಒಂದನೇ ದಿನದಿಂದ ಶುರು. ಅಷ್ಟರಲ್ಲಿ ಅಗ್ಗದ ರೂಮುಗಳೆಲ್ಲ ಹೋಗಿದ್ದವು.

ಸಾಲ 28 ಲಕ್ಷ, ತುಮಕೂರಿನ ಸೈಟು ಅಡ. ಕಂತು ತಿಂಗಳಿಗೆ 37,800, ಹತ್ತು ವರ್ಷ. ಈಗ ಬೆಂಗಳೂರಿನ ಕ್ಲಿನಿಕ್ಕಿನಲ್ಲಿ 45,000 ಬರುತ್ತಿದೆ. ನೀವೇ ಕಳೆಯಿರಿ. ಆದರೂ ಹೋದದ್ದು ಸರಿ ಅಂತಲೇ ಹೇಳ್ತೀನಿ. ಅಲ್ಲಿ ಎಸಿಎಲ್ ಆದವರನ್ನು 'ಆರು ತಿಂಗಳಾಯಿತು, ಆಡು' ಅಂತ ಬಿಡುವುದಿಲ್ಲ. ಕಾಲಿನ ಬಲ ಅಳೆದು, ಹಾಪ್ ಟೆಸ್ಟ್ (ಒಂಟಿ ಕಾಲಲ್ಲಿ ಕುಪ್ಪಳಿಸುವುದು) ಮಾಡಿಸಿ, ಆಮೇಲೆ ಮಾತು. ನಾರ್ವೆಯವರ 2016ರ ಅಧ್ಯಯನ ಪಾಠದಲ್ಲಿತ್ತು, ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮತ್ತೆ ಪೆಟ್ಟಾಗುವ ಪ್ರಮಾಣ 51% ಕಡಿಮೆ. ಇಲ್ಲಿ ನನ್ನ ಕ್ಲಿನಿಕ್ಕಿಗೆ ಬರುವ ಹುಡುಗರು ಐದನೇ ತಿಂಗಳಿಗೇ ಟೆನಿಸ್ ಬಾಲ್ ಟೂರ್ನಮೆಂಟ್ ಆಡಿ ಬಂದು ಕೂತಿರ್ತಾರೆ.

ಹಾಕಿಅಕ್ಕ:
ತಂಗಿ, ನಾನು ಕೊಡಗಿನವಳು. ಮನೆಯಲ್ಲಿ ಎಲ್ಲರೂ ಹಾಕಿ ಸ್ಟಿಕ್ ಹಿಡಿದವರೇ. ಈ ಗಂಡಸರು ದುಡ್ಡಿನ ಮಾತು ಹೇಳಿದರು, ನಾನು ಬೇರೆ ಹೇಳ್ತೀನಿ. ನಾನು ಎಂಪಿಟಿ ಮುಗಿಸಿದಾಗ ಒಂದು ಅಸೋಸಿಯೇಷನ್‌ನವರು ಇಂಟರ್‌ವ್ಯೂನಲ್ಲಿ ಮಾರ್ಕ್ಸ್ ಕೇಳಲಿಲ್ಲ, ಮದುವೆ ಯಾವಾಗ ಅಂತ ಕೇಳಿದರು. 'ಲೇಡಿ ಫಿಸಿಯೋ ಆದರೆ ಟೂರಿನಲ್ಲಿ ಒಂದು ರೂಮ್ ಎಕ್ಸ್‌ಟ್ರಾ ಆಗುತ್ತೆ' ಅನ್ನೋದು ಕಾರಣ. ಹುಡುಗಿಯರ ತಂಡಕ್ಕೇ ಹೀಗೆ! ಕೊನೆಗೆ ಕೋಚ್ ಮೇಡಂ ಜೊತೆ ರೂಮ್ ಹಂಚಿಕೊಳ್ತೀನಿ ಅಂತ ಬರೆದುಕೊಟ್ಟು ಸೇರಿದೆ.

ಸೇರಿದ ಮೇಲೆ ನೋಡಿದ್ದು ಏನು ಗೊತ್ತಾ? ಒಬ್ಬ ಮಿಡ್‌ಫೀಲ್ಡರ್ ಹುಡುಗಿಗೆ ಮೊಣಕಾಲಿನ ಕೆಳಗೆ ಮುಂದಿನ ಮೂಳೆ ನೋವು. ಎಲ್ಲರೂ ಶೂ ಬದಲಾಯಿಸು ಅಂದರು, ಬಾಮ್ ಹಚ್ಚಿದರು. ನಾನು ರಾತ್ರಿ ಸುಮ್ನೆ ಮಾತಾಡಿಸುತ್ತಾ ಮುಟ್ಟು ಸರಿಯಾಗಿ ಆಗ್ತಿದೆಯಾ ಕೇಳಿದೆ. ತಿಂಗಳುಗಟ್ಟಲೆ ಆಗಿಲ್ಲ. ಅವಳಿಗೆ ಅದು ಖುಷಿಯ ವಿಷಯ, ಪ್ರಾಕ್ಟೀಸಿಗೆ ತೊಂದರೆ ಇಲ್ಲ ಅಂತ. ಬೆಳಿಗ್ಗೆ ಬರೀ ಟೀ ಕುಡಿದು ಓಡ್ತಿದ್ದಳು, ರಾತ್ರಿ ದಪ್ಪ ಆಗ್ತೀನಿ ಅಂತ ಅನ್ನ ಬಿಟ್ಟಿದ್ದಳು. ಸ್ಕ್ಯಾನ್ ಮಾಡಿಸಿದರೆ ಸ್ಟ್ರೆಸ್ ಫ್ರಾಕ್ಚರ್, ಮೂಳೆಯಲ್ಲಿ ಸಣ್ಣ ಬಿರುಕು. ಇದೆಲ್ಲ ಸೇರಿದ್ದಕ್ಕೆ ರೆಡ್-ಎಸ್ ಅಂತಾರೆ, ಒಲಿಂಪಿಕ್ ಸಮಿತಿಯೇ 2014ರಲ್ಲಿ ಹೆಸರಿಟ್ಟಿದ್ದು. ಮೈಗೆ ಬೇಕಾದಷ್ಟು ಶಕ್ತಿ ಸಿಗದಿದ್ದರೆ ಮೊದಲು ಮುಟ್ಟು ನಿಲ್ಲುತ್ತೆ, ಆಮೇಲೆ ಮೂಳೆ ಕೈಕೊಡುತ್ತೆ. ಆ ಪ್ರಶ್ನೆ ಕೇಳೋಕೆ ಆ ಕ್ಯಾಂಪಿನಲ್ಲಿ ನಾನಲ್ಲದೆ ಯಾರೂ ಇರಲಿಲ್ಲ. ಇದಕ್ಕೆ ನಾನು ಈ ಕೆಲಸದಲ್ಲಿದ್ದೇನೆ. ಕುಂಬ್ಳೆ ಬ್ಯಾಂಡೇಜಿಗೆ ಅಲ್ಲ.

ಟ್ರ್ಯಾಕ್‌ಮೇಷ್ಟ್ರು:
ನಾನು ಕಾರ್ಕಳ ಕಡೆಯ ಪಿಟಿ ಮಾಸ್ಟರು. ನಿಮ್ಮ ಮಾತೆಲ್ಲ ಓದಿದೆ. ನಮ್ಮ ಕಾಲದಲ್ಲಿ ಫಿಸಿಯೋ ಎಲ್ಲಿದ್ದ ಮಾರಾಯ್ರೆ? ಬಿದ್ದರೆ ಐಸ್ ಇಟ್ಟು, ಗಟ್ಟಿ ಬ್ಯಾಂಡೇಜ್ ಕಟ್ಟಿ, ಎರಡು ದಿನ ಮಲಗಿಸಿ ಮತ್ತೆ ಓಡಿಸುತ್ತಿದ್ದೆವು. ಈಗಿನ ಮಕ್ಕಳಿಗೆ ಸ್ವಲ್ಪ ನೋವಾದರೆ ಸಾಕು, ಫಿಸಿಯೋ ಚೀಟಿ ತರ್ತಾರೆ. 2020ರಲ್ಲಿ ಶ್ರೀನಿವಾಸ ಗೌಡ ಕಂಬಳದಲ್ಲಿ 142.5 ಮೀಟರ್ 13.62 ಸೆಕೆಂಡಿಗೆ ಓಡಿದಾಗ ಯಾವ ಎಂಪಿಟಿ ಪಕ್ಕದಲ್ಲಿದ್ದ?

ಟೇಪ್‌ರೋಲ್:
ಮುಂದೆ ಕೋಣ ಎಳೀತಿತ್ತು ಮೇಷ್ಟ್ರೇ. ನಿಮ್ಮ ಶಾಲೆಯ ಮಕ್ಕಳಿಗೂ ಒಂದು ಜೋಡಿ ಕೊಡಿಸಿ.

ಲೋನ್‌ಬಾಕಿ:
ಐಸ್ ವಿಷಯಕ್ಕೆ ಬಂದರೆ, ರೆಸ್ಟ್, ಐಸ್ ಅಂತ 1978ರಲ್ಲಿ ಪುಸ್ತಕದಲ್ಲಿ ಬರೆದ ಅಮೆರಿಕದ ಡಾಕ್ಟರ್ ಮಿರ್ಕಿನ್ ಆಮೇಲೆ ತಾವೇ ಮಾತು ಬದಲಿಸಿದರು. ಐಸ್ ವಾಸಿಯಾಗುವುದನ್ನು ನಿಧಾನ ಮಾಡಬಹುದು ಅಂದರು. ನಮ್ಮ ಕೋರ್ಸಿನಲ್ಲಿ ಮೊದಲ ವಾರವೇ ಹೇಳಿಕೊಟ್ಟದ್ದು ಇದು.

ಟ್ರ್ಯಾಕ್‌ಮೇಷ್ಟ್ರು:
39 ಲಕ್ಷ ಕೊಟ್ಟು ಐಸ್ ಇಡಬಾರದು ಅಂತ ಕಲಿತು ಬಂದಿರಾ?

ಎಂಡಿ_ಆನ್‌ಡ್ಯೂಟಿ:
ಐಸ್ ನೋವು ಕಡಿಮೆ ಮಾಡುತ್ತದೆ. ಪಂದ್ಯದ ಮಧ್ಯೆ ಅಷ್ಟು ಸಾಕು. ಎಲ್ಲವನ್ನೂ ಪೂರ್ತಿ ಬಿಸಾಡುವ ಚಾಳಿ ಇಂಗ್ಲೆಂಡಿಗೆ ಹೋಗಿಬಂದವರಿಗೆ ಜಾಸ್ತಿ. ಮೇಷ್ಟ್ರ ಮಾತಿಗೆ ಒಂದು ಉತ್ತರ: ಫಿಸಿಯೋ, ಡಾಕ್ಟರ್ ಇದ್ದರೂ ಬೈಗುಳ ತಪ್ಪಲ್ಲ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಪಟು ವಿನೇಶ್ ಫೋಗಟ್ ತೂಕ ನೂರು ಗ್ರಾಂ ಜಾಸ್ತಿ ಬಂದಾಗ ಇಲ್ಲಿ ಕೂತವರೆಲ್ಲ ಮೆಡಿಕಲ್ ಟೀಮಿಗೆ ಉಗಿದರು. ರಾತ್ರಿಯಿಡೀ ತೂಕ ಇಳಿಸಲು ಏನೇನು ಮಾಡಿದರು ಅಂತ ಕೇಳಿದವರು ಎಷ್ಟು ಜನ?

ರೈಟ್‌ಕಾರ್ನರ್:
ಎಲ್ಲರಿಗೂ ಥ್ಯಾಂಕ್ಸ್. ಹಾಕಿಅಕ್ಕ, ನಿಮ್ಮದನ್ನು ನಾಲ್ಕು ಸಲ ಓದಿದೆ. ನಮ್ಮ ಟೀಮಿನಲ್ಲೂ ಇಂಥವರು ಇದ್ದರು. ನಾವು ಮ್ಯಾಟ್ ಇಲ್ಲದೆ ಮಣ್ಣಿನಲ್ಲೇ ಆಡುತ್ತಿದ್ದೆವು, ನನ್ನ ಮಂಡಿಗೆ ಮೊದಲು ಎಣ್ಣೆ ಹಾಕಿ ಕಟ್ಟು ಕಟ್ಟಿಸಿದ್ದರು, ಆಪರೇಷನ್ ಆದದ್ದು ಎಷ್ಟೋ ತಿಂಗಳ ಮೇಲೆ. ಆ ತಡದ ಬಗ್ಗೆ ಬರೆಯಬಹುದಾ? ಇನ್ನೊಂದು, ಅಲ್ಲಿ ಎಂಎಸ್ಸಿ ಆದರೆ ಅಲ್ಲೇ ಫಿಸಿಯೋ ಆಗಿ ಕೆಲಸ ಸಿಗುತ್ತಾ?

ಲೋನ್‌ಬಾಕಿ:
ಎಂಎಸ್ಸಿ ಒಂದರಿಂದ ಸಿಗಲ್ಲ. ಅಲ್ಲಿ ಫಿಸಿಯೋಥೆರಪಿಸ್ಟ್ ಅಂತ ಕರೆದುಕೊಳ್ಳಬೇಕಾದರೆ ಅಲ್ಲಿನ ನಿಯಂತ್ರಣ ಸಂಸ್ಥೆ ಎಚ್‌ಸಿಪಿಸಿಯಲ್ಲಿ ನೋಂದಣಿ ಬೇಕು. ಅದಕ್ಕೆ ನಿಮ್ಮ ಬಿಪಿಟಿ ಸಿಲೆಬಸ್, ಪೋಸ್ಟಿಂಗ್ ಗಂಟೆಗಳು ಎಲ್ಲ ಕಾಲೇಜಿನಿಂದ ಬರೆಸಿಕೊಂಡು ಕಳಿಸಬೇಕು. ಜೊತೆಗೆ ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ 7. ಇಲ್ಲಿಂದ ಹೊರಡುವ ಮೊದಲೇ ಶುರು ಮಾಡಿ, ಆ ಕ್ಲರ್ಕ್ ಸಹಿ ಹಾಕೋಕೆ ತೆಗೆದುಕೊಳ್ಳುವ ಸಮಯ ನನಗೆ ಗೊತ್ತು. ಕೋರ್ಸ್ ಆದ ಮೇಲಿನ ವೀಸಾ ಕೂಡ 2027ರ ಜನವರಿಯಿಂದ ಎರಡು ವರ್ಷದ ಬದಲು ಹದಿನೆಂಟು ತಿಂಗಳು. ಹದಿನೈದು ಲಕ್ಷಕ್ಕೆ ಇದೆಲ್ಲ ಆಗಲ್ಲ.

ಹಾಕಿಅಕ್ಕ:
ಬರಿ ತಂಗಿ. ಕಟ್ಟು ಕಟ್ಟಿದವರಿಗೆ ಬೈದು ಬರೀಬೇಡ. ಮೊದಲ ದಿನ ನಿನ್ನನ್ನು ಆಸ್ಪತ್ರೆಗೆ ಕಳಿಸೋರು ಆ ಮೈದಾನದಲ್ಲಿ ಯಾಕಿರಲಿಲ್ಲ ಅಂತ ಬರಿ. ನಿಮ್ಮ ಟೀಮಿನ ಹುಡುಗಿಯರ ವಿಷಯ ಅವರನ್ನು ಕೇಳಿ ಬರಿ.

ಟ್ರ್ಯಾಕ್‌ಮೇಷ್ಟ್ರು:
ಮೈದಾನದಲ್ಲಿ ಇರುವುದು ಒಬ್ಬ ಪಿಟಿ ಮಾಸ್ಟರ್, ನೂರಿಪ್ಪತ್ತು ಮಕ್ಕಳು. ಅದನ್ನೂ ಬರೆಯಲಿ. ಇರಲಿ, ಇಷ್ಟು ಜನ ಇದ್ದೀರಲ್ಲ, ನನ್ನ ಹತ್ತಿರ ಒಬ್ಬ 200 ಮೀಟರ್ ಹುಡುಗ ಇದ್ದಾನೆ. ತೊಡೆಯ ಹಿಂಭಾಗ ಹಿಡಿದುಕೊಂಡು ನಿಂತುಬಿಟ್ಟ, ಮುಂದಿನ ತಿಂಗಳು ಜಿಲ್ಲಾ ಮಟ್ಟ. ಏನು ಮಾಡಿಸಲಿ?

ಎಂಡಿ_ಆನ್‌ಡ್ಯೂಟಿ:
ಎಂಆರ್‌ಐ ಮಾಡಿಸಿ. ಸ್ನಾಯುವಿನ ಮಧ್ಯದ ಗಟ್ಟಿ ನಾರಿಗೆ (ಟೆಂಡನ್) ಪೆಟ್ಟಾಗಿದ್ದರೆ ಮುಂದಿನ ತಿಂಗಳ ಆಸೆ ಬಿಡಿ.

ಟೇಪ್‌ರೋಲ್:
ಸರ್ಕಾರಿ ಶಾಲೆಯ ಹುಡುಗನಿಗೆ ಎಂಆರ್‌ಐ! ಮೇಷ್ಟ್ರೇ, ನೆಲದ ಮೇಲೆ ಕಪ್ಪು ಕಲೆ ಬಿದ್ದಿದೆಯಾ ನೋಡಿ, ಬೋರಲು ಮಲಗಿಸಿ ಮಂಡಿ ಮಡಚಲು ಹೇಳಿ, ನೀವು ಕೈಯಿಂದ ತಡೆಯಿರಿ. ನೋವು ಎಲ್ಲಿ ಅಂತ ಒಂದೇ ಬೆರಳಲ್ಲಿ ತೋರಿಸಲಿ. ಅಷ್ಟರಲ್ಲೇ ಮುಕ್ಕಾಲು ಗೊತ್ತಾಗುತ್ತೆ.

ಎಂಡಿ_ಆನ್‌ಡ್ಯೂಟಿ:
ನೆಲದ ಮೇಲೆ ಕಲೆಯಾ, ತೊಡೆಯ ಮೇಲಾ?

ಟೇಪ್‌ರೋಲ್:
ತೊಡೆಯ ಮೇಲೆ. ಬಸ್ಸಿನಲ್ಲಿ ಟೈಪ್ ಮಾಡ್ತಿದ್ದೀನಿ, ರೇಡಿಯಾಲಜಿ ಕುರ್ಚಿಯಲ್ಲಿ ಅಲ್ಲ.

ಟ್ರ್ಯಾಕ್‌ಮೇಷ್ಟ್ರು:
ಕಲೆ ಇದೆ. ಕೂರುವ ಮೂಳೆಯ ಹತ್ತಿರವೇ ನೋವು ತೋರಿಸ್ತಾನೆ.

ಎಂಡಿ_ಆನ್‌ಡ್ಯೂಟಿ:
ಅಷ್ಟು ಮೇಲೆ ಇದ್ದರೆ ವಾಸಿಯಾಗೋಕೆ ಜಾಸ್ತಿ ದಿನ ಬೇಕು. ಆ ವಯಸ್ಸಿನವರಲ್ಲಿ ಮೂಳೆಯ ಚೂರೇ ಕಿತ್ತು ಬಂದಿರಬಹುದು. ಮೊದಲು ಒಂದು ಎಕ್ಸ್‌ರೇ ಮಾಡಿಸಿ, ಅದಕ್ಕೆ ಎಷ್ಟೂ ಆಗಲ್ಲ. ಹುಡುಗನ ವಯಸ್ಸೆಷ್ಟು?

ಟೇಪ್‌ರೋಲ್:
ಎಕ್ಸ್‌ರೇಗೆ ನಾನೂ ಹೂಂ ಅಂತೀನಿ. ಈಗಲೇ ಸ್ಟ್ರೆಚ್ ಮಾಡಿಸಬೇಡಿ ಮೇಷ್ಟ್ರೇ, ಮಾಡಿಸ್ತಿದ್ದೀರಾ?

ಟ್ರ್ಯಾಕ್‌ಮೇಷ್ಟ್ರು:
ಹದಿನೈದು. ಬೆಳಿಗ್ಗೆ ಸ್ವಲ್ಪ ಮಾಡಿಸಿದ್ದೆ.