ಸ್ಟ್ರಕ್ಟ್‌ನಲ್ಲಿ ಬರುವ ‘ಪ್ಯಾಡಿಂಗ್’ಗೆ ಕನ್ನಡದಲ್ಲಿ ಏನು? (ಸಂಜೆಯೊಳಗೆ ಬೇಕು)

ಫಲಕದವಳು:
ಹೈಸ್ಕೂಲು ಲ್ಯಾಬಿನ ಗೋಡೆಗೆ ಒಂದು ಫಲಕ ಬರೀತಿದ್ದೀನಿ, ಸಂಜೆ ಪ್ರೆಸ್ಸಿಗೆ ಹೋಗುತ್ತೆ. ಆರ್ಡುಯಿನೊ ಉನೊ ಅನ್ನೋ ಪುಟ್ಟ ಬೋರ್ಡು ತೋಟದ ಶಾಖ, ತೇವ ಅಳೆದು ಎನ್‌ಆರ್‌ಎಫ್24 ರೇಡಿಯೊದಲ್ಲಿ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿಗೆ ಕಳಿಸುತ್ತೆ. ಹೋಗೋದು ಒಂದು ಸ್ಟ್ರಕ್ಟ್, ಅಂದರೆ ಬೇರೆಬೇರೆ ಮಾಹಿತಿ ಸಾಲಾಗಿ ಇಟ್ಟ ಒಂದು ಕಟ್ಟು: ಗುರುತಿಗೆ 1 ಬೈಟ್, ಶಾಖಕ್ಕೆ 4 ಬೈಟಿನ ಫ್ಲೋಟ್ (ದಶಮಾಂಶ ಸಂಖ್ಯೆ), ತೇವಕ್ಕೆ 2. ಉನೊದಲ್ಲಿ ಒಟ್ಟು 7. ಅದೇ ಸ್ಟ್ರಕ್ಟ್ ಪೈನಲ್ಲಿ 12! ಫ್ಲೋಟ್ 4ರಿಂದ ಭಾಗವಾಗೋ ಜಾಗದಲ್ಲೇ ಕೂರಲಿ ಅಂತ ಕಂಪೈಲರ್ (ಕೋಡನ್ನು ಯಂತ್ರಭಾಷೆಗೆ ತಿರುಗಿಸೋ ತಂತ್ರಾಂಶ) ನಡುವೆ 3, ಕೊನೇಲಿ 2 ಬೈಟ್ ಸೇರಿಸುತ್ತೆ. ಈ ಸೇರಿಸಿದ್ದಕ್ಕೆ ಒಂದು ಪದ ಕೊಡಿ. ನಿಘಂಟಿನಲ್ಲಿ ‘ಮೆತ್ತೆ’ ಅಂತಿದೆ, ನಗು ಬಂತು.

ಷಟ್ಪದಿಪ್ರಿಯ:
ಪೂರಣ. ಶ್ಲೋಕದಲ್ಲಿ ಅಕ್ಷರ ಕಡಿಮೆ ಬಿದ್ದಾಗ ಚ, ವೈ, ತು, ಹಿ ಎಂದು ತುಂಬುತ್ತಾರಲ್ಲ, ಅದೇ ಪಾದಪೂರಣ. ಅರ್ಥವಿಲ್ಲ, ಅಳತೆಗಾಗಿ ಇದೆ. ನಿಮ್ಮ ಕಂಪೈಲರ್ ಮಾಡುವುದೂ ಅಷ್ಟೇ. ಹೊಸ ಪದ ಹುಡುಕುವ ಅಗತ್ಯವೇ ಇಲ್ಲ.

ಅಚ್ಚಗನ್ನಡಿಗ:
ಪೂರಣ ಕನ್ನಡದ ಬಾಯಿಗೆ ಬಿದ್ದು ಹೂರಣ ಆಗಿ ಎಷ್ಟು ಕಾಲವಾಯ್ತು. ಹೋಳಿಗೆಯಲ್ಲಿ ಬೇಕಾದ್ದೇ ಹೂರಣ. ಹಾಗಾಗಿ ಅದನ್ನು ಪೇಲೋಡ್‌ಗೆ, ಅಂದರೆ ಕಳಿಸುವ ನಿಜವಾದ ಮಾಹಿತಿಗೆ, ಇಟ್ಟುಕೊಳ್ಳಿ. ಪ್ಯಾಡಿಂಗ್‌ಗೆ ‘ಜೊಳ್ಳು’. ಕಾಳಿಲ್ಲ, ಆದರೂ ಜಾಗ ಹಿಡಿಯುತ್ತೆ. ರೈತರ ಮಕ್ಕಳಿಗೆ ಸಂಸ್ಕೃತದ ಹೊರೆ ಯಾಕೆ?

ಷಟ್ಪದಿಪ್ರಿಯ:
ರೈತರ ಮಕ್ಕಳಿಗೆ ಸಂಸ್ಕೃತ ಬರಬಾರದು ಎಂದು ತೀರ್ಮಾನಿಸಿದವರು ಯಾರು? ಮುಂದಿನ ಮಾತು ಬೇಡ.

ಬೆಸುಗೆಕಡ್ಡಿ:
ಜೊಳ್ಳನ್ನ ತೂರಿ ಬಿಸಾಕಬಹುದು ಸ್ವಾಮಿ. ಇದನ್ನ ಒಂದೇ ಕಡೆ ಬಿಸಾಕಿದ್ರೆ ಪೈ ಶಾಖವನ್ನ 1ನೇ ಜಾಗದ ಬದಲು 4ರಿಂದ ಓದುತ್ತೆ, ಅಡಿಕೆ ತೋಟದಲ್ಲಿ ಕೋಟಿ ಡಿಗ್ರಿ ತೋರಿಸಿದರೂ ಆಶ್ಚರ್ಯ ಇಲ್ಲ. ಇದು ಅಂತರ. ‘ಎಡೆ’ ಅನ್ನಿ.

ಪದಕ್ಕಿಂತ ಫಲಕದಲ್ಲಿ ಬೇಕಾದ್ದು ಬೇರೆ ಇದೆ ಮೇಡಂ. ಪೂರ್ಣಾಂಕಕ್ಕೆ ಬರೇ ಇಂಟ್ ಬಳಸಬೇಡಿ ಅಂತ ಹಾಕಿ: ಉನೊದಲ್ಲಿ ಅದು 2 ಬೈಟ್, ಪೈನಲ್ಲಿ 4. ಡಬಲ್ ಅನ್ನೋ ದಶಮಾಂಶದ ಬಗೆ ಅಲ್ಲಿ 4, ಇಲ್ಲಿ 8. 8, 16, 32 ಬಿಟ್ ಅಂತ ಅಳತೆ ಬರೆದ ಬಗೆಗಳನ್ನೇ ಬಳಸಿ, ಎರಡೂ ಕಡೆ ಸ್ಟ್ರಕ್ಟ್‌ಗೆ ‘ಪ್ಯಾಕ್ಡ್’ (ನಡುವೆ ಜಾಗ ಬಿಡಬೇಡ ಅನ್ನೋ ಸೂಚನೆ) ಹಚ್ಚಿ. ಆಗ ಪ್ಯಾಡಿಂಗೇ ಇರಲ್ಲ. ಈ ರೇಡಿಯೊ ಒಂದು ಸಲಕ್ಕೆ ಒಯ್ಯೋದೇ 32 ಬೈಟ್, ಸುಮ್ನೆ ಯಾಕೆ ಹಾಳು ಮಾಡ್ತೀರಿ.

ಫಲಕದವಳು:
ಪ್ಯಾಕ್ಡ್ ಹಾಕ್ತೀನಿ ಸರ್, ಆದರೂ ಯಾಕೆ ಅಂತ ಹೇಳೋಕೆ ಪದ ಬೇಕಲ್ಲ! ‘ಎಡೆ’ ಅಂದರೆ ನಮ್ಮ ಮಕ್ಕಳು ಪಿತೃಪಕ್ಷ ಅಂದ್ಕೊಳ್ತಾರೆ. ‘ಎಡೆಬೈಟ್’?

ಷಟ್ಪದಿಪ್ರಿಯ:
ಅರಿಸಮಾಸ. ಎರಡು ಭಾಷೆಯ ಪದ ಬೆಸೆದ ದೋಷ.

ಅಚ್ಚಗನ್ನಡಿಗ:
ಅರಿಸಮಾಸ ಸಂಸ್ಕೃತ-ಕನ್ನಡದ ಜಗಳ, ಇಂಗ್ಲಿಷಿಗೆ ವ್ಯಾಕರಣಕಾರ ಕೇಶಿರಾಜನನ್ನು ಎಳೆಯಬೇಡಿ. ಬಿರುದುಗಳಿಗೆ ಅವನೇ ವಿನಾಯಿತಿ ಕೊಟ್ಟಿದ್ದಾನೆ. ನನ್ನ ತಕರಾರು ‘ಬೈಟ್’ ಮೇಲೆ. ಎಂಟು ಬಿಟ್ಟಿನದ್ದು ‘ಎಂಟುಕ’ ಆಗಬೇಕು.

ಬೆಸುಗೆಕಡ್ಡಿ:
ಎಂಟುಕ ಅಂತ ಕೇಳಿದರೆ ಅಂಗಡಿಯವನು ನಟ್ಟು ಬೋಲ್ಟು ಕೊಡ್ತಾನೆ. ಬೈಟ್, ಬಿಟ್, ಸೆನ್ಸರ್ ಎಲ್ಲ ಹುಡುಗರ ಬಾಯಲ್ಲಿ ಆಗಲೇ ಕನ್ನಡ. ‘ತಕರಾರು’ ಅಂದ್ರಲ್ಲ, ಅದು ಯಾವ ಊರಿನ ಅಚ್ಚಗನ್ನಡ?

ಅಚ್ಚಗನ್ನಡಿಗ:
ಬೇರೆ ದಾರಿಯಿಲ್ಲದೆ ಬಂದದ್ದು ಬೇರೆ, ಸೋಮಾರಿತನಕ್ಕೆ ತಂದದ್ದು ಬೇರೆ.

ಫಲಕದವಳು:
ಪ್ರೆಸ್ಸಿನವರು ಎರಡು ಸಲ ಫೋನ್ ಮಾಡಿದರು, ಕಳಿಸಿಬಿಟ್ಟೆ. ‘ಪ್ಯಾಡಿಂಗ್’ ಅಂತ ದೊಡ್ಡಕ್ಷರದಲ್ಲಿ, ಕೆಳಗೆ ‘ಅಳತೆ ಹೊಂದಿಸಲು ಸೇರುವ ಖಾಲಿ ಬೈಟ್‌ಗಳು’ ಅಂತ. ಪೇಲೋಡ್‌ಗೆ ಮಾತ್ರ ‘ಹೂರಣ’ವನ್ನೇ ಹಾಕಿದೆ. ಎಲ್ಲರಿಗೂ ವಂದನೆ.

ಬೆಸುಗೆಕಡ್ಡಿ:
ಖಾಲಿ ಅಂತ ನಂಬಬೇಡಿ. ಸೊನ್ನೆ ತುಂಬದಿದ್ರೆ ಮೆಮೊರಿಯಲ್ಲಿ ಮೊದಲಿದ್ದ ಕಸ ಹಾಗೇ ಇರುತ್ತೆ.

ಅಚ್ಚಗನ್ನಡಿಗ:
‘ಖಾಲಿ’ ಅರಬ್ಬಿ. ‘ಬರಿದು’ ಇತ್ತಲ್ಲ.