ವಾಟರ್ ಪಾರ್ಕ್ ರೆಸಾರ್ಟ್‌ನಲ್ಲಿ ಮೂರು ದಿನ, ಜೊತೆಗೆ ನಾಲ್ಕು ವರ್ಷದ ಮಗಳು, ಮಂಡಿನೋವಿನ ಅತ್ತೆ: ಹೋಗಿ ಬಂದವರು ಹೇಳಿ

ಮುಂದಿನ ತಿಂಗಳು ಮನೆಮಂದಿಯೆಲ್ಲ ಒಂದು ಥೀಮ್ ಪಾರ್ಕ್ ರೆಸಾರ್ಟ್‌ಗೆ ಹೊರಟಿದ್ದೇವೆ. ಎರಡು ರಾತ್ರಿ, ಮೂರು ಹಗಲು. ಒಳಗೇ ವಾಟರ್ ಪಾರ್ಕ್, ರೋಲರ್ ಕೋಸ್ಟರ್, ಚಿಕ್ಕ ಮಕ್ಕಳ ರೈಡ್‌ಗಳು, ರಾತ್ರಿ ಶೋ ಎಲ್ಲಾ ಇದೆಯಂತೆ. ಮಗನಿಗೆ ಒಂಬತ್ತು ವರ್ಷ, ಮಗಳಿಗೆ ನಾಲ್ಕು. ಅತ್ತೆಗೆ ಮಂಡಿನೋವು. ನನಗೆ ಈಜು ಬರುವುದಿಲ್ಲ. ಯಜಮಾನರು ಒಂದು ರೈಡನ್ನೂ ಬಿಡಬಾರದು ಅಂತ ಈಗಲೇ ಪಟ್ಟಿ ಮಾಡಿಕೊಂಡು ಕೂತಿದ್ದಾರೆ. ವಾಟರ್ ಪಾರ್ಕ್‌ಗೆ ಎಷ್ಟು ಹೊತ್ತು ಇಡಬೇಕು? ಏನು ತೆಗೆದುಕೊಂಡು ಹೋಗಬೇಕು, ಏನು ಬಿಟ್ಟು ಹೋಗಬೇಕು? ನಿಮ್ಮ ಅನುಭವ ಹೇಳಿ.

ಇಬ್ಬರು ಗಂಡುಮಕ್ಕಳ ಅಮ್ಮ:
ಮೊದಲು ಆ ಪಟ್ಟಿ ತೆಗೆದು ಬಚ್ಚಿಡಿ. ನಾವೂ ಮೊದಲ ಸಲ ಹಾಗೇ ಹೋಗಿದ್ದೆವು. ಬೆಳಗ್ಗೆ ಕೋಸ್ಟರ್, ಮಧ್ಯಾಹ್ನ ನೀರು, ಸಂಜೆ ಮತ್ತೆ ಕೋಸ್ಟರ್. ಅರ್ಧ ದಿನ ಬಟ್ಟೆ ಬದಲಾಯಿಸುವುದರಲ್ಲಿ, ತಲೆ ಒರೆಸುವುದರಲ್ಲಿ, ಲಾಕರ್ ಕೀಲಿ ಯಾರ ಹತ್ತಿರ ಇದೆ ಅಂತ ಜಗಳ ಆಡುವುದರಲ್ಲೇ ಹೋಯಿತು. ನೀರಿಗೆ ಇಳಿದ ದಿನ ನೀರು ಮಾತ್ರ ಇರಲಿ. ನಿಮ್ಮ ಲೆಕ್ಕಕ್ಕೆ ನಡುವಿನ ದಿನ ಪೂರ್ತಿ ವಾಟರ್ ಪಾರ್ಕ್, ಬಂದ ದಿನ ಮತ್ತು ಹೊರಡುವ ದಿನ ಒಣ ರೈಡ್‌ಗಳು. ಹೊರಡುವ ದಿನ ನೀರಿಗೆ ಇಳಿದರೆ ಒದ್ದೆ ಬಟ್ಟೆಯ ಮೂಟೆ ಹೊತ್ತುಕೊಂಡು ಊರಿಗೆ ಬರಬೇಕಾಗುತ್ತದೆ, ಆ ವಾಸನೆ ಬ್ಯಾಗಿನಿಂದ ಸುಲಭಕ್ಕೆ ಹೋಗುವುದಿಲ್ಲ.

ಬೆಳಗ್ಗೆ ಗೇಟ್ ತೆಗೆಯುವ ಹೊತ್ತಿಗೆ ಬಾಗಿಲಲ್ಲೇ ಇರಿ. ದೊಡ್ಡ ಸ್ಲೈಡ್‌ಗಳನ್ನು ಮೊದಲ ಒಂದು ಗಂಟೆಯಲ್ಲಿ ಮುಗಿಸಿದವರೇ ಜಾಣರು. ಆಮೇಲೆ ಆ ಮೆಟ್ಟಿಲ ಮೇಲೆ, ಬಿಸಿಲಲ್ಲಿ, ಒದ್ದೆ ಮೈಯಲ್ಲಿ ಮುಕ್ಕಾಲು ಗಂಟೆ ಸಾಲು ನಿಂತರೂ ಜಾರುವುದು ಒಂದು ನಿಮಿಷವೂ ಇರುವುದಿಲ್ಲ.

ಇನ್ನೊಂದು ವಿಷಯ, ಮಕ್ಕಳ ಎತ್ತರವನ್ನು ಮನೆಯಲ್ಲೇ ಬರಿಗಾಲಲ್ಲಿ ಅಳೆದುಕೊಂಡು ಹೋಗಿ. ಬಹಳ ಪಾರ್ಕ್‌ಗಳಲ್ಲಿ ಜೋರು ಸ್ಲೈಡ್‌ಗಳಿಗೆ 122 ಸೆಂಟಿಮೀಟರ್ ಇರಬೇಕು ಅಂತ ನಿಯಮ, ಕೆಲವಕ್ಕೆ ಅದಕ್ಕಿಂತ ಜಾಸ್ತಿ. ನಮ್ಮ ಚಿಕ್ಕವನು ಅಷ್ಟೂ ಮೆಟ್ಟಿಲು ಹತ್ತಿ ಮೇಲೆ ಹೋದ ಮೇಲೆ ಅಳತೆ ಕೋಲಿನ ಪಕ್ಕ ನಿಲ್ಲಿಸಿದರು. ಎರಡು ಬೆರಳು ಕಡಿಮೆ. ಹಿಮ್ಮಡಿ ಎತ್ತಿದ, ಕತ್ತು ಚಾಚಿದ, ಕೂದಲು ಮೇಲಕ್ಕೆ ಕೆದರಿಕೊಂಡ. ಅಲ್ಲಿದ್ದ ಹುಡುಗಿ ನಗುತ್ತಲೇ ಅವನ ಭುಜ ಒತ್ತಿ ಕೆಳಗೆ ನಿಲ್ಲಿಸಿದಳು. ಇಳಿದು ಬರುವಾಗ ಅವನು ಒಂದೇ ಒಂದು ಮಾತಾಡಲಿಲ್ಲ. ಅವಳ ತಪ್ಪೇನೂ ಇಲ್ಲ, ಮನೆಯಲ್ಲೇ ಹೇಳಿ ಕರೆದುಕೊಂಡು ಹೋಗಬೇಕಿತ್ತು, ಅದು ನಮ್ಮ ತಪ್ಪು.

ಹಿಂದೆ ಲೈಫ್‌ಗಾರ್ಡ್ ಆಗಿದ್ದವನು:
ಎಲ್ಲರೂ ಸ್ಲೈಡ್ ನೋಡಿ ಹೆದರುತ್ತಾರೆ. ನನ್ನನ್ನು ಕೇಳಿದರೆ ಹುಷಾರಾಗಿರಬೇಕಾದ್ದು ವೇವ್ ಪೂಲ್‌ನಲ್ಲಿ. ಅದರ ನೆಲ ಕಡಲತೀರದ ಹಾಗೆ ಇಳಿಜಾರು. ಈ ತುದಿಯಲ್ಲಿ ಪಾದ ನೆನೆಯುವಷ್ಟೇ ನೀರು, ಆ ತುದಿಯಲ್ಲಿ ದೊಡ್ಡವರೂ ಮುಳುಗುವಷ್ಟು. ಕೊನೆಯ ಗೋಡೆಯ ಹಿಂದೆ ಕೋಣೆಗಳಿರುತ್ತವೆ, ದೊಡ್ಡ ಬ್ಲೋವರ್‌ಗಳು ಅದರೊಳಗೆ ಗಾಳಿ ನುಗ್ಗಿಸಿ ನೀರನ್ನು ಕೆಳಕ್ಕೆ ಒತ್ತುತ್ತವೆ, ಆ ನೀರೇ ಅಲೆಯಾಗಿ ಈಚೆ ಬರುತ್ತದೆ. ಕೆಲವು ಕಡೆ ಬೇರೆ ಯಂತ್ರವೂ ಇರುತ್ತದೆ. ಅಲೆ ಯಾವಾಗಲೂ ಇರುವುದಿಲ್ಲ. ಸ್ವಲ್ಪ ಹೊತ್ತು ನಿಲ್ಲಿಸಿ, ಸೈರನ್ ಕೂಗಿಸಿ, ಮತ್ತೆ ಶುರು ಮಾಡುತ್ತಾರೆ. ಸೈರನ್ ಕೇಳಿದ ಕೂಡಲೇ ಎಲ್ಲರೂ ಹೋ ಅಂತ ಆಳದ ಕಡೆ ಓಡುತ್ತಾರೆ. ನಿಮ್ಮ ಮಗನೂ ಓಡುತ್ತಾನೆ, ಬರೆದಿಟ್ಟುಕೊಳ್ಳಿ.

ಅದಕ್ಕೇ ಹೇಳುವುದು, ನಾಲ್ಕು ವರ್ಷದವಳಿಗಿಂತ ಒಂಬತ್ತು ವರ್ಷದವನ ಮೇಲೆ ಕಣ್ಣು ಜಾಸ್ತಿ ಇರಲಿ. ಚಿಕ್ಕವಳ ಕೈಯನ್ನು ಯಾರಾದರೂ ಹಿಡಿದೇ ಇರುತ್ತಾರೆ. ದೊಡ್ಡವನು 'ನಂಗೆ ಬರುತ್ತೆ' ಅಂತಾನೆ, ಅಲೆ ಎತ್ತಿ ಹಾಕಿದಾಗ ಕಾಲಿಗೆ ನೆಲ ಸಿಗುವುದಿಲ್ಲ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಬಾಯಿ ನೀರಿನ ಮಟ್ಟಕ್ಕೆ ಬಂದಿರುತ್ತದೆ, ಉಸಿರು ಎಳೆದುಕೊಳ್ಳುವುದಕ್ಕೇ ಸಮಯ ಸಾಲದು, ಇನ್ನು ಕೂಗುವುದೆಲ್ಲಿ. ನಮಗೆ 10/20 ಅಂತ ಒಂದು ಲೆಕ್ಕ ಹೇಳಿಕೊಟ್ಟಿದ್ದರು: 10 ಸೆಕೆಂಡ್‌ನಲ್ಲಿ ನಿನ್ನ ಜಾಗ ಪೂರ್ತಿ ಕಣ್ಣಾಡಿಸು, ಕಷ್ಟದಲ್ಲಿರುವವರ ಹತ್ತಿರ 20 ಸೆಕೆಂಡ್‌ನಲ್ಲಿ ತಲುಪು. ಆದರೂ ಜನ ಕಿಕ್ಕಿರಿದ ಕೊಳದಲ್ಲಿ ಲೈಫ್‌ಗಾರ್ಡ್ ನಿಮ್ಮ ಮಗುವಿನ ಆಯಾ ಅಲ್ಲ.

ಗಾಳಿ ತುಂಬುವ ತೋಳಪಟ್ಟಿ ನಂಬಬೇಡಿ, ಅದು ಆಟದ ಸಾಮಾನು. ಲೈಫ್ ಜಾಕೆಟ್ ಕೇಳಿ ಹಾಕಿಸಿ. ಹಾಕಿದ ಮೇಲೆ ಎರಡೂ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎಳೆದು ನೋಡಿ, ಜಾಕೆಟ್ ಗದ್ದ, ಕಿವಿ ದಾಟಿ ಮೇಲೆ ಬಂದರೆ ಅದು ದೊಡ್ಡದಾಯಿತು, ಬದಲಾಯಿಸಿ. ಮಕ್ಕಳಿಗೆ ತಿಳಿನೀಲಿ, ಬಿಳಿ ಈಜುಡುಗೆ ಬೇಡವೇ ಬೇಡ. ಕೊಳದ ತಳದ ಬಣ್ಣದಲ್ಲಿ ಕರಗಿಹೋಗುತ್ತದೆ. ಕಣ್ಣು ಚುಚ್ಚುವ ಕಿತ್ತಳೆ, ಗುಲಾಬಿ ಹಾಕಿ. ಮತ್ತೆ, 'ಎಲ್ಲರೂ ನೋಡುತ್ತಿದ್ದೇವೆ' ಅಂದರೆ ಯಾರೂ ನೋಡುತ್ತಿಲ್ಲ ಅಂತ ಅರ್ಥ. ಒಂದು ಹೊತ್ತಿಗೆ ಒಬ್ಬರು. ಏಳುವಾಗ ಬಾಯಿಬಿಟ್ಟು ಹೇಳಿ: 'ಈಗ ನೀವು ನೋಡಿಕೊಳ್ಳಿ.'

ಗುಡುಗಿದರೆ ಎಲ್ಲರನ್ನೂ ನೀರಿನಿಂದ ಎಬ್ಬಿಸುತ್ತಾರೆ, ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಬಿಡುವುದಿಲ್ಲ. ಅಲ್ಲಿದ್ದವರನ್ನು ಬೈಯಬೇಡಿ. ನಾನು ಬೇಕಾದಷ್ಟು ಬೈಸಿಕೊಂಡಿದ್ದೇನೆ.

ಪ್ರಶ್ನೆ ಕೇಳಿದವಳು:
ತುಂಬಾ ಥ್ಯಾಂಕ್ಸ್. ಬಟ್ಟೆ ವಿಷಯ ಹೇಳಿ. ಕಾಟನ್ ಟೀ ಶರ್ಟ್ ನಡೆಯುತ್ತಾ? ಮಗಳಿಗೆ ಹೊರಗೆ ಹೋದಾಗ ಇನ್ನೂ ಡೈಪರ್ ಹಾಕುತ್ತೇವೆ, ಅದೊಂದು ಚಿಂತೆ.

ಇಬ್ಬರು ಗಂಡುಮಕ್ಕಳ ಅಮ್ಮ:
ಕಾಟನ್ ಬೇಡ. ನೀರು ಕುಡಿದು ಭಾರವಾಗಿ ಜೋತುಬೀಳುತ್ತದೆ, ಬಹಳ ಕಡೆ ಬಿಡುವುದೂ ಇಲ್ಲ. ನೈಲಾನ್ ಥರದ ಈಜುಡುಗೆಯೇ ಸರಿ, ತುಂಬು ತೋಳಿನದಾದರೆ ಬಿಸಿಲಿಗೂ ಒಳ್ಳೆಯದು. ಜಿಪ್, ಲೋಹದ ಗುಂಡಿ ಇದ್ದರೆ ಸ್ಲೈಡ್ ಹತ್ತಿರ ವಾಪಸ್ ಕಳಿಸುತ್ತಾರೆ. ಸ್ಲೈಡ್ ಮಾಡಿರುವುದು ಫೈಬರ್‌ಗ್ಲಾಸ್‌ನಿಂದ, ಗೀರು ಬಿದ್ದರೆ ಹಿಂದೆ ಬರುವವರ ಬೆನ್ನು ಕೆರೆಯುತ್ತದೆ.

ಡೈಪರ್‌ಗೆ ಈಜುವಾಗ ಹಾಕುವುದೇ ಬೇರೆ ಬರುತ್ತದೆ. ಮಾಮೂಲಿ ಡೈಪರ್ ನೀರು ಹೀರಿ ದಿಂಬಿನಂತೆ ಆಗುತ್ತದೆ. ಆದರೆ ಈಜು ಡೈಪರ್ ಕೂಡ ಮೂತ್ರ ತಡೆಯುವುದಿಲ್ಲ, ಭೇದಿಯನ್ನೂ ಪೂರ್ತಿ ತಡೆಯುವುದಿಲ್ಲ. ಗಂಟೆಗೊಮ್ಮೆ ಎಬ್ಬಿಸಿ ಟಾಯ್ಲೆಟ್‌ಗೆ ಕರೆದುಕೊಂಡು ಹೋಗಿ. ಹೊಟ್ಟೆ ಕೆಟ್ಟಿದ್ದರೆ ದಯವಿಟ್ಟು ಇಳಿಸಲೇಬೇಡಿ. ಕ್ರಿಪ್ಟೊಸ್ಪೊರಿಡಿಯಂ ಅಂತ ಒಂದು ಕ್ರಿಮಿ ಇದೆ, ಸರಿಯಾಗಿ ಕ್ಲೋರಿನ್ ಹಾಕಿದ ನೀರಲ್ಲೂ ಒಂದು ವಾರಕ್ಕಿಂತ ಜಾಸ್ತಿ ಬದುಕಿರುತ್ತದೆ. ಅಂದ ಹಾಗೆ, ಕೊಳದ ಹತ್ತಿರ ಕಣ್ಣು ಉರಿಯುವಂಥ ಘಾಟು ಬಂದರೆ 'ಓ, ಚೆನ್ನಾಗಿ ಕ್ಲೋರಿನ್ ಹಾಕಿದ್ದಾರೆ' ಅಂತ ಖುಷಿಪಡಬೇಡಿ. ಕ್ಲೋರಿನ್ ಬೆವರು, ಮೂತ್ರದ ಜೊತೆ ಸೇರಿದಾಗ ಬರುವ ವಾಸನೆ ಅದು. ಇಳಿಯುವ ಮುಂಚೆ ಎಲ್ಲರೂ ಒಂದು ನಿಮಿಷ ಶವರ್ ಕೆಳಗೆ ನಿಂತರೆ ಅರ್ಧ ಸಮಸ್ಯೆ ಇರುವುದಿಲ್ಲ. ಯಾರು ನಿಲ್ಲುತ್ತಾರೆ ಹೇಳಿ?

ಸನ್‌ಸ್ಕ್ರೀನ್ ನೀರಿಗೆ ಇಳಿಯುವ ಕಾಲು ಗಂಟೆ ಮುಂಚೆ ಹಚ್ಚಿ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಟವೆಲ್‌ನಲ್ಲಿ ಒರೆಸಿಕೊಂಡರೆ ಆಗಲೇ. ಕಾಲಿನ ಮೇಲ್ಭಾಗ ಮರೆಯುತ್ತೇವೆ, ನನಗೆ ಅಲ್ಲೇ ಸುಟ್ಟಿದ್ದು. ಉಂಗುರ ರೂಮಲ್ಲೇ ಬಿಡಿ, ತಣ್ಣೀರಲ್ಲಿ ಬೆರಳು ಸಣ್ಣಗಾಗಿ ಜಾರಿಹೋಗುತ್ತದೆ. ಮೊಬೈಲ್‌ಗೆ ವಾಟರ್‌ಪ್ರೂಫ್ ಪೌಚ್ ಕೊಂಡರೆ ಮೊದಲು ಅದರಲ್ಲಿ ಬರೀ ಟಿಶ್ಯೂ ಪೇಪರ್ ಇಟ್ಟು ಬಕೆಟ್‌ನಲ್ಲಿ ಮುಳುಗಿಸಿ ನೋಡಿ. ನಮ್ಮ ಮೊದಲನೇ ಪೌಚ್‌ನಲ್ಲಿ ಟಿಶ್ಯೂ ಮುದ್ದೆಯಾಗಿತ್ತು, ಸದ್ಯ ಫೋನ್ ಉಳಿಯಿತು.

ಕೋಸ್ಟರ್ ಹುಚ್ಚ:
ಯಜಮಾನರ ಪರವಾಗಿ ನಾನೊಬ್ಬ ಮಾತಾಡುತ್ತೇನೆ. ಪಟ್ಟಿ ಪೂರ್ತಿ ಬಚ್ಚಿಡಬೇಡಿ, ಅರ್ಧ ಮಾಡಿ. ಅಮೆರಿಕದ ಒರ್ಲಾಂಡೊದಲ್ಲಿ 1977ರಲ್ಲಿ ಶುರುವಾದ ವೆಟ್ ಅಂಡ್ ವೈಲ್ಡನ್ನೇ ಈಗಿನ ಥರದ ಮೊದಲ ವಾಟರ್ ಪಾರ್ಕ್ ಅಂತ ಸಾಮಾನ್ಯವಾಗಿ ಹೇಳುತ್ತಾರೆ. 2016ರ ಕೊನೆಗೆ ಅದು ಮುಚ್ಚಿಯೂ ಆಯಿತು. ಆದರೆ ಇವತ್ತಿಗೂ ಎಲ್ಲ ಕಡೆ ಮೂಲ ಸಾಮಾನು ಅದೇ: ಸ್ಲೈಡ್, ಅಲೆ, ತೇಲಿಕೊಂಡು ಹೋಗುವ ಕಾಲುವೆ. ಹತ್ತು ಸ್ಲೈಡ್‌ಗೆ ಹತ್ತು ಭಯಂಕರ ಹೆಸರು ಇಟ್ಟಿರುತ್ತಾರೆ, ನೋಡಿದರೆ ನಾಲ್ಕೇ ಜಾತಿ. ನೇರ ಬೀಳುವುದು, ಕತ್ತಲ ಕೊಳವೆ, ಬಟ್ಟಲಲ್ಲಿ ಗಿರಗಿರ ತಿರುಗಿಸುವುದು, ನಾಲ್ಕೈದು ಜನ ಒಟ್ಟಿಗೆ ಕೂರುವ ರಾಫ್ಟ್. ಜಾತಿಗೊಂದು ಮುಗಿಸಿದರೆ ಸಾಕು. ರಾಫ್ಟ್‌ನಲ್ಲಿ ಕೂರುವ ಮುಂಚೆ ತೂಕ ನೋಡುತ್ತಾರೆ, ನಾಚಿಕೊಳ್ಳಬೇಡಿ. ಭಾರ ಜಾಸ್ತಿ ಇದ್ದರೆ ವೇಗವೂ ಜಾಸ್ತಿ, ಅದಕ್ಕೆ.

ಒಣ ರೈಡ್‌ಗಳಲ್ಲಿ 'ರೈಡರ್ ಸ್ವಾಪ್' ಇದೆಯಾ ಅಂತ ಕೇಳಿ. ಅಪ್ಪ ಹೋಗಿ ಬರುವವರೆಗೆ ಅಮ್ಮ ಮಗುವಿನ ಜೊತೆ ಇರುವುದು, ಆಮೇಲೆ ಅಮ್ಮ ಮತ್ತೆ ಸಾಲು ನಿಲ್ಲದೆ ಹೋಗುವುದು. ಚಿಕ್ಕ ಮಗು ಇರುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ, ಆದರೆ ಕೇಳದೆ ಯಾರೂ ಹೇಳುವುದಿಲ್ಲ. ಕೋಸ್ಟರ್‌ನಲ್ಲಿ ಹೊಟ್ಟೆ ಝುಂ ಅನ್ನಬೇಕಾದರೆ ಕೊನೆಯ ಸಾಲು. ಮುಂದಿನ ಡಬ್ಬಿಗಳು ಇಳಿಯಲು ಶುರು ಮಾಡಿ ಹಿಂದಿನದನ್ನು ದಿಬ್ಬದ ಮೇಲಿಂದ ಜಗ್ಗಿ ಎಳೆಯುತ್ತವೆ. ಮಗನಿಗೆ ಮೊದಲ ಸಲವಾದರೆ ನಡುವಿನ ಸೀಟು ಕೊಡಿ.

ಮಂಡಿ ಆಪರೇಷನ್ ಆದ ಅಜ್ಜಿ:
ನಿಮ್ಮ ಅತ್ತೆಯನ್ನು ಬ್ಯಾಗ್ ಕಾಯಲು ಕೂರಿಸಬೇಡಿ ಮಗಳೇ. ನಮ್ಮ ಮನೆಯವರು ಹಾಗೇ ಮಾಡಿದ್ದರು. ನಾಲ್ಕು ಗಂಟೆ ಹೊತ್ತು ಐದು ಬ್ಯಾಗ್, ಎಂಟು ಚಪ್ಪಲಿ ನೋಡಿಕೊಂಡು ಕೂತಿದ್ದೆ. ಸಂಜೆ ಎಲ್ಲರೂ 'ಎಷ್ಟು ಚೆನ್ನಾಗಿತ್ತು ಅಲ್ವಾ' ಅಂತ ನನ್ನನ್ನೇ ಕೇಳಿದರು! ಲಾಕರ್ ತೆಗೆದುಕೊಳ್ಳಿ. ದೂರ ನಡೆಯಬೇಕಿದ್ದರೆ ವೀಲ್‌ಚೇರ್ ಇದೆಯಾ ಕೇಳಿ, ಅದರಲ್ಲಿ ಕೂತರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಹಿಡಿತ ಇರುವ ರಬ್ಬರ್ ಚಪ್ಪಲಿ ಬೇಕೇ ಬೇಕು. ಒದ್ದೆ ನೆಲದ ಮೇಲೆ ನಡೆಯುವುದೇ ನಮಗೆ ದೊಡ್ಡ ರೈಡ್. ಲೇಜಿ ರಿವರ್‌ಗೆ, ಅಂದರೆ ಟ್ಯೂಬ್ ಮೇಲೆ ಕೂತು ತೇಲಿಕೊಂಡು ಹೋಗುವ ಕಾಲುವೆಗೆ ಮಾತ್ರ ಇಳಿಸಿ. ಸಾಮಾನ್ಯವಾಗಿ ಸೊಂಟದ ಮಟ್ಟದ ನೀರು, ಮಂಡಿ ಮೇಲೆ ಭಾರವೇ ಬೀಳುವುದಿಲ್ಲ. ಈಜು ಬಾರದ ನೀವೂ ಲೈಫ್ ಜಾಕೆಟ್ ಹಾಕಿಕೊಂಡು ಜೊತೆಗೇ ಹೋಗಬಹುದು.

ಪ್ರಶ್ನೆ ಕೇಳಿದವಳು:
ಅತ್ತೆಗೆ ಎಲ್ಲಾ ಓದಿ ಹೇಳಿದೆ. ಸ್ಲೈಡ್, ಕ್ರಿಮಿ ಯಾವುದಕ್ಕೂ ತಲೆ ಕೆಡಿಸಿಕೊಳ್ಳಲಿಲ್ಲ. 'ಆ ಟ್ಯೂಬ್ ಮೇಲೆ ಹತ್ತಿ ಕೂರುವುದು ಹೇಗೆ ಅಂತ ಆ ಅಜ್ಜಿಯನ್ನೇ ಕೇಳು' ಅಂದರು.

ಮಂಡಿ ಆಪರೇಷನ್ ಆದ ಅಜ್ಜಿ:
ಹತ್ತುವುದಲ್ಲ, ಕೂರುವುದು. ಮೆಟ್ಟಿಲು ಇಳಿದು ನೀರಲ್ಲಿ ನಿಂತು, ಟ್ಯೂಬ್‌ಗೆ ಬೆನ್ನು ಮಾಡಬೇಕು. ಹಿಂದೆ ಒಬ್ಬರು ಅದನ್ನು ಗಟ್ಟಿಯಾಗಿ ಹಿಡಿದಿರಲಿ. ಕುರ್ಚಿಯಲ್ಲಿ ಕೂರುವ ಹಾಗೆ ಮೊದಲು ಕೂತುಬಿಡುವುದು, ಕಾಲು ಆಮೇಲೆ ತಾನೇ ತೇಲುತ್ತದೆ. ಇಳಿಯುವ ಜಾಗ ಬರುವುದಕ್ಕೆ ಸ್ವಲ್ಪ ಮುಂಚೆಯೇ ಕಾಲು ಕೆಳಗೆ ಬಿಟ್ಟು ಜೊತೆಯವರ ಕೈ ಹಿಡಿಯಬೇಕು, ಇಲ್ಲದಿದ್ದರೆ ನೀರು ಇನ್ನೊಂದು ಸುತ್ತು ಕರೆದುಕೊಂಡು ಹೋಗುತ್ತದೆ. ನಾನು ಹಾಗೆ ಎರಡು ಸುತ್ತು ಜಾಸ್ತಿ ಹೋದೆ. ಎರಡನೆಯದು ಬೇಕಂತಲೇ.